ಕಡಲ ಮೀನಿಗೆ ಆಕಾಶದ ಕಣ್ಣು

ಹಿಂದೆಲ್ಲ ಮಲ್ಪೆಯ ಮೀನುಗಾರ ನೀರಿನ ಬಣ್ಣ, ಗಾಳಿಯ ದಿಕ್ಕು, ಹಕ್ಕಿಗಳ ಹಾರಾಟ ನೋಡಿ ಬಲೆ ಬೀಸುತ್ತಿದ್ದ. ಆ ಅನುಭವ ಇಂದಿಗೂ ಬೇಕು. ಆದರೆ ದೋಣಿಗೆ ಯಂತ್ರ ಬಂದ ಮೇಲೆ ಮೀನು ಹುಡುಕುತ್ತ ಅಲೆದಷ್ಟೂ ಡೀಸೆಲ್ ಖರ್ಚು. ಇಲ್ಲಿ ನೆರವಿಗೆ ಬಂದದ್ದು ಉಪಗ್ರಹ.

1999ರಲ್ಲಿ ಭಾರತ ಹಾರಿಸಿದ ಓಶನ್‌ಸ್ಯಾಟ್-1, ಸಾಗರದ ಬಣ್ಣ ಅಳೆಯುವ ಉಪಕರಣ ಹೊತ್ತಿತ್ತು. ನೀರಿನ ಹಸಿರು ಅಲ್ಲಿರುವ ಸೂಕ್ಷ್ಮ ಸಸ್ಯಗಳ ಗುರುತು. ಮೇವು ಇದ್ದಲ್ಲಿಗೆ ಬೂತಾಯಿ, ಬಂಗುಡೆಗಳ ಹಿಂಡು ಬರುತ್ತದೆ. ಹೀಗೆ ಉಪಗ್ರಹಗಳು ತಿಳಿಸುವ ಬಣ್ಣ, ಉಷ್ಣತೆಗಳನ್ನು ತಾಳೆ ನೋಡಿ, ಮೀನು ಸಿಗಬಹುದಾದ ಜಾಗದ ಸೂಚನೆಯನ್ನು ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಕರಾವಳಿಗೆ ಕಳುಹಿಸುತ್ತದೆ. ಮೋಡ ಕವಿದರೆ ಮಾತ್ರ ಆ ಕಣ್ಣೂ ಮಂಜಾಗುತ್ತದೆ.

ಈ ವಿದ್ಯೆಯ ಬೇರು ಮಲ್ಪೆಗೆ ದೂರದ್ದಲ್ಲ. 1932ರಲ್ಲಿ ಅದಮಾರಿನಲ್ಲಿ ಹುಟ್ಟಿ, ಉಡುಪಿಯಲ್ಲಿ ಪ್ರೌಢಶಾಲೆ ಓದಿದ ಯು. ಆರ್. ರಾವ್ ಮೊದಲು ಸಂಶೋಧನೆ ನಡೆಸಿದ್ದು ವಿಶ್ವಕಿರಣಗಳ ಬಗ್ಗೆ. ಅದರಿಂದ ಮೀನುಗಾರನಿಗೇನು ಲಾಭ ಎಂದು ಅಂದು ಕೇಳಿದ್ದರೆ ಉತ್ತರ ಕಷ್ಟವಿತ್ತು. ಅವರ ನೇತೃತ್ವದಲ್ಲೇ 1975ರಲ್ಲಿ ಆರ್ಯಭಟ ಸಿದ್ಧವಾಯಿತು. ಅವರು ಇಸ್ರೋ ಅಧ್ಯಕ್ಷರಾಗಿದ್ದಾಗ, 1988ರಲ್ಲಿ, ದೂರಸಂವೇದಿ ಉಪಗ್ರಹಗಳ ಸಾಲು ಆರಂಭವಾಯಿತು. ಓಶನ್‌ಸ್ಯಾಟ್-1 ಅದೇ ಸಾಲಿನದು.

ಪಿಯುಸಿ ಮುಗಿದೊಡನೆ ವೈದ್ಯಕೀಯ, ಎಂಜಿನಿಯರಿಂಗ್ ಸೀಟಿನ ಲೆಕ್ಕ ಹಾಕುವ ಮನೆಗಳಲ್ಲಿ ಬಿ.ಎಸ್ಸಿ. ಎಂದರೆ ಇನ್ನೂ ತಾತ್ಸಾರ. ಆದರೆ ಪರರಿಂದ ಯಂತ್ರ ಕೊಳ್ಳುತ್ತಲೇ ಇರುವ ದೇಶ ಸ್ಪರ್ಧೆಯಲ್ಲಿ ಮುಂದೆ ಬರಲಾರದು. ಸಂಶೋಧನೆಯ ಫಲಕ್ಕೆ ಕಾಯುವ ತಾಳ್ಮೆ ಬೇಕು. ಮಕ್ಕಳು ವಿಜ್ಞಾನಿಯಾಗುತ್ತೇವೆ ಎಂದಾಗ, ಬೇಡವೆನ್ನುವ ಮುನ್ನ ಹೆತ್ತವರು ಒಮ್ಮೆ ಮಲ್ಪೆ ಬಂದರನ್ನು ನೆನೆಯಲಿ.