ಮುಧೋಳ ನಾಯಿಯ ತಳಿರಕ್ಷಣೆ

ಎತ್ತನ್ನು ಕೊಳ್ಳುವಾಗ ಹಲ್ಲು, ಗೊರಸು, ಸುಳಿಗಳನ್ನು ಪರೀಕ್ಷಿಸಿ, ಅದರ ತಾಯಿ ಯಾರ ಹಟ್ಟಿಯದೆಂದು ವಿಚಾರಿಸದೆ ಹಣ ಕೊಡುವ ರೈತನು ಧಾರವಾಡ ಸೀಮೆಯಲ್ಲಿ ದೊರೆಯುವದು ಕಷ್ಟ. ಆದರೆ ಅದೇ ರೈತನು ನಾಯಿಮರಿಯ ಮೂತಿ ಉದ್ದವಾಗಿದ್ದು ಹೊಟ್ಟೆ ಒಳಸೇರಿದ್ದರೆ ಸಾಕು, ಅದು ಮುಧೋಳದ್ದೆಂದು ನಂಬಿ ಮನೆಗೆ ತರುವನು. ಒಂದು ವರ್ಷದ ತರುವಾಯ ಆ ಮರಿಯು ಬೀದಿನಾಯಿಯ ಬಾಲವನ್ನು ತೋರಿಸತೊಡಗಿದಾಗ ತಳಿಯನ್ನೇ ಹಳಿಯುವನು. ತಪ್ಪು ತಳಿಯದಲ್ಲ, ಹುಟ್ಟಿನ ಲೆಕ್ಕವನ್ನು ಇಡದವರದು.

ಮುಧೋಳವು ಬಾಗಲಕೋಟೆ ಜಿಲ್ಲೆಯ ಒಂದು ತಾಲೂಕಿನ ಮುಖ್ಯ ಸ್ಥಳ, ರನ್ನ ಕವಿಯ ಹುಟ್ಟೂರು. 1948ರಲ್ಲಿ ವಿಲೀನವಾಗುವ ವರೆಗೆ ಅದು ಘೋರ್ಪಡೆ ಮನೆತನದ ಸಂಸ್ಥಾನವಾಗಿತ್ತು. ಅಲ್ಲಿಯ ಅರಸರಾದ ಮಾಲೋಜಿರಾವ ಘೋರ್ಪಡೆಯವರು ಬೇಡರು ಸಾಕುತ್ತಿದ್ದ ಬೇಟೆನಾಯಿಗಳನ್ನು ಮೆಚ್ಚಿ, ಉತ್ತಮವಾದವುಗಳನ್ನು ಆರಿಸಿ ವೃದ್ಧಿಪಡಿಸಿದರು. ಇಂಗ್ಲೆಂಡಿನ ದೊರೆ ಐದನೆಯ ಜಾರ್ಜರಿಗೆ ಒಂದು ಜೋಡಿಯನ್ನು ಕಾಣಿಕೆಯಾಗಿ ಕೊಟ್ಟರೆಂದೂ ಪ್ರಸಿದ್ಧಿಯುಂಟು. ಇದಕ್ಕೂ ಹಿಂದಿನ ಕಾಲದ ದಂಡುಗಳೊಡನೆ ಈ ನಾಯಿಯನ್ನು ಹೊಂದಿಸಿ ಹೇಳುವ ಕಥೆಗಳು ಕೇಳಲು ಸೊಗಸಾಗಿವೆ. ಆದರೆ ತಳಿಯನ್ನು ಉಳಿಸಿದ್ದು ಕಥೆಗಳಲ್ಲ. ಅರಸರ ಆಯ್ಕೆ ಮತ್ತು ಅನಂತರ ಆ ಸುತ್ತಿನ ಹಳ್ಳಿಗಳ ಸಾಕಣೆದಾರರ ಶ್ರಮ.

2005ರಲ್ಲಿ ಈ ನಾಯಿಯ ಚಿತ್ರವುಳ್ಳ ಅಂಚೆಚೀಟಿ ಹೊರಬಂದಿತು. 2016ರಲ್ಲಿ ಮರಿಗಳನ್ನು ಸೈನ್ಯದ ತರಬೇತಿಗಾಗಿ ಮೀರತ್‌ಗೆ ಒಯ್ಯಲಾಯಿತು. 2020ರಲ್ಲಿ ಪ್ರಧಾನಮಂತ್ರಿಗಳು ರೇಡಿಯೋ ಭಾಷಣದಲ್ಲಿ ಇದರ ಹೆಸರನ್ನೆತ್ತಿದರು. ಬೀದರದ ಪಶುವೈದ್ಯಕೀಯ ವಿಶ್ವವಿದ್ಯಾಲಯವು ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನ ಕೇಂದ್ರವನ್ನು ನಡೆಯಿಸುತ್ತದೆ. ಇವೆಲ್ಲವುಗಳಿಂದ ಬೇಡಿಕೆಯು ಹೆಚ್ಚಿತು. ಬೇಡಿಕೆಯ ಬೆನ್ನಿಗೆ ಅಪಾಯವೂ ಬಂದಿತು. ಲಾಭದ ಆಸೆಗೆ ಬಿದ್ದವರು ಗ್ರೇಹೌಂಡ್ ಜಾತಿಯೊಡನೆ ಬೆರೆಸುವರು, ಪ್ರತಿ ಬೆದೆಗೂ ಮರಿ ಹಾಕಿಸುವರು, ಹಾಲು ಬಿಡದ ಮರಿಗಳನ್ನು ಮಾರುವರು.

ಈ ನಾಯಿಯು ಮೂಗಿನಿಂದಲ್ಲ, ಕಣ್ಣಿನಿಂದ ಬೇಟೆಯಾಡುವ ಜಾತಿಯದು. ಗಂಡು ಹೆಗಲಿನ ಹತ್ತಿರ ಮೂರು ಗೇಣು, ಎಂದರೆ ಸುಮಾರು 70 ಸೆಂಟಿಮೀಟರ್ ಎತ್ತರವಿರುವದು. ಹೆಣ್ಣು ತುಸು ಕಡಿಮೆ. ತಲೆ ಉದ್ದ ಮತ್ತು ಕಿರಿದು, ಎದೆ ಆಳ, ಸೊಂಟ ಸಣ್ಣದು, ಕೂದಲು ಗಿಡ್ಡ. ಮೈಯಲ್ಲಿ ಕೊಬ್ಬು ಕಡಿಮೆ ಇರುವದರಿಂದ ಅರಿಯದವರು ಇದನ್ನು ಉಪವಾಸ ಬಿದ್ದ ನಾಯಿಯೆಂದು ತಿಳಿದು ಅತಿಯಾಗಿ ಉಣ್ಣಿಸಿ ಕೆಡಿಸುವದುಂಟು. ಜೋಳದ ರೊಟ್ಟಿ, ಹಾಲುಗಳ ಜೊತೆಗೆ ತತ್ತಿ ಅಥವಾ ಮಾಂಸ ದೊರೆತರೆ ಸಾಕು.

ತಳಿಯು ಕೆಡುವದು ಹೆಚ್ಚಾಗಿ ಬೆದೆಯ ಕಾಲದಲ್ಲಿ. ಹೆಣ್ಣುನಾಯಿಯು ಸಾಮಾನ್ಯವಾಗಿ ವರ್ಷಕ್ಕೆ ಒಂದೆರಡು ಸಲ ಬೆದೆಗೆ ಬರುವದು. ಪ್ರತಿಸಲವೂ ಅದು ಸುಮಾರು ಮೂರು ವಾರ ನಿಲ್ಲುವದು. ಮೊದಲಿನ ಒಂಬತ್ತು ದಿವಸ ರಕ್ತಸ್ರಾವವಿದ್ದು ಹೆಣ್ಣು ಗಂಡನ್ನು ಹತ್ತಿರ ಸೇರಿಸದು. ಅನೇಕರು ಈ ದಿವಸಗಳಲ್ಲಿ ಎಚ್ಚರದಿಂದ ಕಟ್ಟಿ, ರಕ್ತ ತಿಳಿಯಾದ ಕೂಡಲೆ ಬೆದೆ ತೀರಿತೆಂದು ಬಿಟ್ಟುಬಿಡುವರು. ಗರ್ಭ ನಿಲ್ಲುವ ಕಾಲವು ಪ್ರಾರಂಭವಾಗುವದು ಆಗಲೇ! ಆದಕಾರಣ ಸ್ರಾವ ಕಂಡ ದಿನವನ್ನು ಪಂಚಾಂಗದಲ್ಲಿ ಗುರುತು ಹಾಕಿ, ಪೂರ್ತಿ ಇಪ್ಪತ್ತೊಂದು ದಿವಸ, ಬೇಕಾದರೆ ಇನ್ನೂ ನಾಲ್ಕು ದಿವಸ ಹೆಚ್ಚಾಗಿಯೇ, ಮೇಲೆ ಮುಚ್ಚಿಗೆಯುಳ್ಳ ಕೋಣೆಯಲ್ಲಿ ಇರಿಸತಕ್ಕದ್ದು. ಹಿತ್ತಲ ಗೋಡೆಯನ್ನು ನಂಬಬಾರದು. ಮುಧೋಳದ ಹೆಣ್ಣು ಆಳೆತ್ತರದ ಗೋಡೆಯನ್ನು ಹಾರಬಲ್ಲದು. ಗಂಡು ಅದರ ಕೆಳಗೆ ತೋಡಬಲ್ಲದು.

ಆರಿಸಿದ ಗಂಡಿನೊಡನೆ ಕೂಡಿಸಿದ ಮೇಲೂ ಕಾವಲನ್ನು ತೆಗೆಯಕೂಡದು. ಒಂದೇ ಬೆದೆಯಲ್ಲಿ ಎರಡು ಗಂಡುಗಳು ಕೂಡಿದರೆ ಒಂದೇ ಸೂಲಿನಲ್ಲಿ ಇಬ್ಬರ ಮರಿಗಳೂ ಹುಟ್ಟಬಲ್ಲವು. ಇದಕ್ಕೆ ಪ್ರತಿಯಾಗಿ, ಒಮ್ಮೆ ಬೀದಿನಾಯಿಯ ಸಂಗವಾದ ಹೆಣ್ಣು ಜನ್ಮಾಂತ್ಯದ ವರೆಗೆ ಕೆಟ್ಟಿತೆಂಬ ನಂಬಿಕೆಯು ಸುಳ್ಳು. ಆ ಸೂಲು ಮಾತ್ರ ಬೆರಕೆಯಾಗುವದು; ಮುಂದಿನ ಸೂಲಿಗೆ ಅದರ ದೋಷವು ತಟ್ಟದು. ಈ ತಪ್ಪು ನಂಬಿಕೆಯಿಂದ ಒಳ್ಳೆಯ ಹೆಣ್ಣುಗಳನ್ನು ತೊರೆಯುವದು ದೊಡ್ಡ ನಷ್ಟ. ಕೂಡಿಸಿದ ದಿನದಿಂದ ಸುಮಾರು 63 ದಿವಸಗಳಿಗೆ ಮರಿ ಹಾಕುವದು.

ಇನ್ನೊಂದು ಕೇಡು ಮನೆಯೊಳಗಿನದು. ಶುದ್ಧತೆಯ ಹೆಸರಿನಲ್ಲಿ ತಂದೆಗೆ ಮಗಳನ್ನೂ ಅಣ್ಣನಿಗೆ ತಂಗಿಯನ್ನೂ ಕೂಡಿಸುತ್ತ ಹೋದರೆ ಮರಿಗಳ ಸಂಖ್ಯೆ ಕುಗ್ಗುವದು, ಅಡಗಿದ್ದ ದೋಷಗಳು ಹೊರಬೀಳುವವು. ಒಂದೇ ಊರಿನಲ್ಲಿ ಒಂದೇ ಗಂಡು ಹತ್ತು ಮನೆಗಳ ಹೆಣ್ಣುಗಳಿಗೆ ಒದಗಿದ್ದರೆ ನಾಲ್ಕು ವರ್ಷಗಳಲ್ಲಿ ಊರಿನ ನಾಯಿಗಳೆಲ್ಲ ದಾಯಾದಿಗಳೇ. ಗೌಡರ ಕೆಲಸವು ಇಲ್ಲಿ ಬರುವದು. ಊರಿಗೊಂದು ವಹಿಯನ್ನಿಟ್ಟು, ಕೂಡಿಸಿದ ದಿನ, ತಂದೆ-ತಾಯಿಗಳ ಗುರುತು, ಹುಟ್ಟಿದ ಮರಿಗಳ ಸಂಖ್ಯೆ, ಕೊಂಡವರ ಊರು ಇವನ್ನು ಬರೆಯಿಸಿದರೆ, ಗಂಡನ್ನು ಪರಸ್ಥಳದಿಂದ ಯಾವಾಗ ತರಿಸಬೇಕೆಂಬದು ತಾನಾಗಿ ತಿಳಿಯುವದು. ಬಾಯಿಲೆಕ್ಕವು ಎರಡನೆಯ ತಲೆಮಾರಿಗೆ ನಿಲ್ಲದು.

ಪ್ರದರ್ಶನಗಳಿಗೆ ಒಯ್ಯುವವರಿಗೆ ಈ ವಹಿಯು ಇನ್ನೂ ಅಗತ್ಯ. ಅಲ್ಲಿ ಪರೀಕ್ಷಕರು ಹಲ್ಲುಗಳ ಕೂಡಿಕೆ, ಬೆನ್ನಿನ ಗೆರೆ, ಪಾದ, ನಡಿಗೆಗಳನ್ನು ನೋಡುವರು. ಕೆನಲ್ ಕ್ಲಬ್ ಆಫ್ ಇಂಡಿಯಾ ಎಂಬ ಸಂಸ್ಥೆಯು ಈ ತಳಿಯನ್ನು ಕ್ಯಾರವಾನ್ ಹೌಂಡ್ ಎಂಬ ಹೆಸರಿನಿಂದ ದಾಖಲಿಸುವದು; ಹೆಸರು ಬೇರೆಯೆಂದು ಗಲಿಬಿಲಿಗೊಳ್ಳಬೇಕಾಗಿಲ್ಲ.

ಕಾನೂನಿನ ಮಾತನ್ನೂ ಜಮೀನುದಾರರು ತಿಳಿದಿರಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಮೊಲವನ್ನಾಗಲಿ ಕೃಷ್ಣಮೃಗವನ್ನಾಗಲಿ ನಾಯಿಯಿಂದ ಅಟ್ಟಿಸಿ ಬೇಟೆಯಾಡುವದು ಅಪರಾಧ. ಆದುದರಿಂದ ಈ ನಾಯಿಗೆ ಇಂದಿನ ಉದ್ಯೋಗವು ತೋಟ, ಕಣ, ಕುರಿಹಟ್ಟಿಗಳ ಕಾವಲು. 2017ರ ನಾಯಿ ಸಂವರ್ಧನ ಹಾಗೂ ಮಾರಾಟದ ನಿಯಮಗಳಂತೆ ಮರಿ ಮಾರುವವನು ನೋಂದಣಿ ಮಾಡಿಸಬೇಕು. ಹದಿನೆಂಟು ತಿಂಗಳು ತುಂಬದ ಹೆಣ್ಣನ್ನು ಕೂಡಿಸಬಾರದು. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸೂಲು ಪಡೆಯಬಾರದು. ಎಂಟು ವಾರ ತುಂಬದ ಮರಿಯನ್ನು ಮಾರಬಾರದು.

ಈ ಕೊನೆಯ ನಿಯಮಕ್ಕೆ ಬಲವಾದ ಕಾರಣವುಂಟು. ಮೂರನೆಯ ವಾರದಿಂದ ಮೂರನೆಯ ತಿಂಗಳ ವರೆಗೆ ಮರಿಯು ಯಾವುದನ್ನು ನೋಡಿ ಬೆಳೆಯುವದೋ ಅದಕ್ಕೆ ಹೆದರದು, ಅದನ್ನು ಅಟ್ಟಿಸದು. ಕುರಿಮರಿ, ಕೋಳಿ, ಕೂಸುಗಳ ನಡುವೆ ಬೆಳೆದದ್ದು ಹಟ್ಟಿಗೆ ಯೋಗ್ಯವಾಗುವದು. ಮೊದಲು ಕಲಿಸತಕ್ಕದ್ದು ಕರೆದೊಡನೆ ಬರುವದನ್ನು. ಓಡುವ ವಸ್ತುವನ್ನು ಕಂಡ ಮೇಲೆ ಇದರ ಕಿವಿ ಮುಚ್ಚುವದರಿಂದ, ಆ ಪಾಠವು ಗಟ್ಟಿಯಾಗುವ ವರೆಗೆ ಉದ್ದನೆಯ ಹಗ್ಗವನ್ನು ಬಿಡಿಸಬಾರದು. ಬಡಿಗೆಯಿಂದ ಕಲಿಸಹೊರಟರೆ ಈ ಜಾತಿಯು ಮುದುಡುವದು, ಕಲಿಯದು.

ಹುಬ್ಬಳ್ಳಿ-ಧಾರವಾಡದ ಬಡಾವಣೆಗಳಲ್ಲಿ ಹಿಮದ ನಾಡಿನ ಹಸ್ಕಿ ನಾಯಿಯನ್ನು ವೈಶಾಖದ ಬಿಸಿಲಿನಲ್ಲಿ ಏದುಸಿರು ಬಿಡಿಸುವವರಿಗಿಂತ ಮುಧೋಳದ ಮರಿಯನ್ನು ಕೇಳಿಕೊಂಡು ಬರುವವರು ಜಾಣರೇ ಸರಿ. ಆದರೆ ಓಡಲು ಬಯಲಿಲ್ಲದ ಎರಡು ಕೋಣೆಯ ಮನೆಗೆ ಕೊಡುವದಕ್ಕಿಂತ ಆ ಗಿರಾಕಿಯನ್ನು ಹಿಂದಕ್ಕೆ ಕಳಿಸುವದು ಲೇಸು. ಕೊಡುವದಾದರೆ ತಂದೆ-ತಾಯಿಗಳ ಹೆಸರು, ಹುಟ್ಟಿದ ದಿನ, ಹಾಕಿಸಿದ ಲಸಿಕೆಗಳನ್ನು ಬರೆದ ಚೀಟಿಯನ್ನು ಮರಿಯೊಡನೆ ಕೊಟ್ಟು, ಮೂರು ತಿಂಗಳು ತುಂಬಿದೊಡನೆ ಹುಚ್ಚುನಾಯಿ ರೋಗದ ಲಸಿಕೆಯನ್ನು ಪಶುವೈದ್ಯರಿಂದ ಹಾಕಿಸಬೇಕೆಂದು ಕೊಂಡವನಿಗೆ ತಿಳಿಸತಕ್ಕದ್ದು.