ಶೇತಸನದಿಗಳು: ಕಿತ್ತೂರು ಸೀಮೆಯ ಒಂದು ಚಿಕ್ಕ ದಂಡಿನ ಇತಿಹಾಸ

ಯುದ್ಧಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಅರಸರನ್ನೂ ಸೇನಾಪತಿಗಳನ್ನೂ ಕುರಿತು ಬರೆಯುವರು. ಆದರೆ ಸಂಬಳದ ಸೈನಿಕರೂ ಅಲ್ಲದ, ಕೇವಲ ರೈತರೂ ಅಲ್ಲದ, ಊರಿನ ಹೊಲವನ್ನು ಉಳುತ್ತ ಕರೆ ಬಂದಾಗ ಆಯುಧ ಹಿಡಿಯುತ್ತಿದ್ದ ಜನರ ಪಾತ್ರವನ್ನು ಗಮನಿಸದೆ ನಮ್ಮ ನಾಡಿನ ಅನೇಕ ಘಟನೆಗಳ ಮರ್ಮವನ್ನು ಅರಿಯುವುದು ಸಾಧ್ಯವಿಲ್ಲ. ಕಿತ್ತೂರು ಸೀಮೆಯ ಶೇತಸನದಿಗಳು ಇಂಥ ಜನ. ೧೮೩೦ರಲ್ಲಿ ಸಂಗೊಳ್ಳಿ ರಾಯಣ್ಣನ ನೇತೃತ್ವದಲ್ಲಿ ಎದ್ದ ಚಿಕ್ಕ ದಂಡಿನ ಹುಟ್ಟು, ನಡೆ ಮತ್ತು ಅಂತ್ಯಗಳನ್ನು ಈ ಸಂಸ್ಥೆಯ ಹಿನ್ನೆಲೆಯಲ್ಲಿ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

‘ಶೇತ’ ಎಂದರೆ ಮರಾಠಿಯಲ್ಲಿ ಹೊಲ. ಸಂಸ್ಕೃತದ ‘ಕ್ಷೇತ್ರ’ವೇ ಅದರ ಮೂಲ. ‘ಸನದು’ ಎಂದರೆ ಪ್ರಭುವು ಕೊಟ್ಟ ಅಧಿಕಾರಪತ್ರ. ಸನದಿನ ಮೂಲಕ ಪಡೆದ ಹೊಲವನ್ನು ಅನುಭವಿಸುತ್ತ, ಅದಕ್ಕೆ ಪ್ರತಿಯಾಗಿ ಊರಿನ ಕಾವಲು ಮತ್ತು ದಂಡಿನ ಸೇವೆ ಸಲ್ಲಿಸುವವನೇ ಶೇತಸನದಿ. ಅವನಿಗೆ ದೊರೆಯುತ್ತಿದ್ದುದು ನಗದು ಸಂಬಳವಲ್ಲ, ಭೂಮಿಯ ಫಲ. ಆದುದರಿಂದ ಅರಸನಿಗೆ ಖಜಾನೆಯಿಂದ ಹಣ ತೆರದೆಯೇ ಊರೂರಿನಲ್ಲಿ ಆಳುಗಳು ಸಿದ್ಧವಿರುತ್ತಿದ್ದರು. ಶೇತಸನದಿಗೆ ತನ್ನ ಊರಿನಲ್ಲಿಯೇ ಜೀವನಾಧಾರವೂ ಮರ್ಯಾದೆಯೂ ಲಭಿಸುತ್ತಿದ್ದವು. ಈ ಸಂಬಂಧದಲ್ಲಿ ರಾಜನಿಷ್ಠೆ ಮತ್ತು ಭೂಮಿಯ ಹಕ್ಕು ಒಂದಕ್ಕೊಂದು ಹೆಣೆದುಕೊಂಡಿದ್ದವು ಎಂಬುದನ್ನು ನಾವು ಮೊದಲೇ ಮನಗಾಣಬೇಕು. ಮುಂದಿನ ಘಟನೆಗಳಿಗೆಲ್ಲ ಇದೇ ಕೀಲಿಕೈ.

ಕಿತ್ತೂರಿನ ದೇಸಾಯರು ಮೊದಲಿನಿಂದಲೂ ಇಂಗ್ಲಿಷರ ವಿರೋಧಿಗಳಾಗಿದ್ದರೆಂದು ಭಾವಿಸುವುದು ಸರಿಯಲ್ಲ. ೧೮೧೮ರಲ್ಲಿ ಥಾಮಸ್ ಮನ್ರೋ ಬೆಳಗಾವಿಯ ಕೋಟೆಗೆ ಮುತ್ತಿಗೆ ಹಾಕಿದಾಗ ಕಿತ್ತೂರು ಅವನಿಗೆ ನೆರವಾಗಿತ್ತು. ೧೮೨೪ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರಸರ್ಜನು ಮಕ್ಕಳಿಲ್ಲದೆ ತೀರಿಕೊಂಡಾಗ, ದತ್ತಕನಾದ ಶಿವಲಿಂಗಪ್ಪನ ಹಕ್ಕನ್ನು ಕಂಪನಿ ಸರ್ಕಾರವು ಮನ್ನಿಸಲಿಲ್ಲ. ಇದರ ಪರಿಣಾಮವಾಗಿ ಅದೇ ವರ್ಷದ ಅಕ್ಟೋಬರ್ ೨೩ರಂದು ನಡೆದ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾದನು. ಡಿಸೆಂಬರಿನ ಆರಂಭದಲ್ಲಿ ಕಂಪನಿಯ ದೊಡ್ಡ ಸೈನ್ಯವು ಕೋಟೆಯನ್ನು ಹಿಡಿಯಿತು. ರಾಣಿ ಚೆನ್ನಮ್ಮನು ಬೈಲಹೊಂಗಲದ ಸೆರೆಯಲ್ಲಿ ೧೮೨೯ರ ಫೆಬ್ರವರಿಯಲ್ಲಿ ಕಾಲವಾದಳು.

ಕೋಟೆ ಬಿದ್ದರೂ ಶೇತಸನದಿಗಳ ಪ್ರಶ್ನೆ ಬಗೆಹರಿಯಲಿಲ್ಲ; ವಾಸ್ತವವಾಗಿ ಅದು ಆಗಲೇ ಆರಂಭವಾಯಿತು. ಸಂಬಳದ ಸಿಪಾಯಿಗೆ ಅರಸು ಅಳಿದರೆ ಬೇರೊಂದು ದಂಡು ಉಂಟು. ಶೇತಸನದಿಗೆ ಅಂಥ ದಾರಿ ಇರಲಿಲ್ಲ. ಸನದು ಕೊಟ್ಟ ಪ್ರಭುತ್ವವೇ ಇಲ್ಲವಾದ ಮೇಲೆ ಅವನ ಹೊಲದ ಹಕ್ಕು ಕಚೇರಿಯ ಕಾಗದಪತ್ರಗಳ ವಿಷಯವಾಯಿತು. ೧೮೨೪ರ ಯುದ್ಧದಲ್ಲಿ ಭಾಗವಹಿಸಿ ಸೆರೆಸಿಕ್ಕು ಬಿಡುಗಡೆಯಾಗಿದ್ದ ರಾಯಣ್ಣನೂ ಸಂಗೊಳ್ಳಿಯ ಶೇತಸನದಿಯೇ ಆಗಿದ್ದನು. ಅವನ ಭೂಮಿಯಲ್ಲಿ ಒಂದು ಭಾಗವನ್ನು ಸರ್ಕಾರವು ಕಸಿದುಕೊಂಡು ಉಳಿದುದರ ಮೇಲೆ ಭಾರಿ ಕಂದಾಯವನ್ನು ಹೇರಿತು. ಅವನ ತಾಯಿ ಕೆಂಚವ್ವನಿಗೆ ಊರಿನ ಕುಲಕರ್ಣಿಯಿಂದ ಅವಮಾನವಾಯಿತೆಂದು ಜನಪದ ಪರಂಪರೆ ಹೇಳುತ್ತದೆ. ಬಂಡಾಯದ ಕಾರಣವನ್ನು ಹುಡುಕುವಾಗ ಜನರ ನೆನಪು ಸಿಂಹಾಸನದ ಬಳಿಗೆ ಹೋಗದೆ ಹೊಲದ ಲೆಕ್ಕ ಬರೆಯುವವನ ಬಳಿಗೆ ಹೋಗಿರುವುದು ಅರ್ಥಗರ್ಭಿತವಾಗಿದೆ.

ದತ್ತಕನಾದ ಶಿವಲಿಂಗಪ್ಪನನ್ನು ಗದ್ದಿಗೆಯ ಮೇಲೆ ಕೂಡಿಸುವುದು ಬಂಡಾಯದ ಘೋಷಿತ ಗುರಿಯಾಗಿದ್ದಿತು. ಆದರೆ ದಂಡಿನ ಕಾರ್ಯಕ್ರಮವನ್ನು ಅವಲೋಕಿಸಿದರೆ ಇನ್ನೊಂದು ಗುರಿಯೂ ಸ್ಪಷ್ಟವಾಗುತ್ತದೆ. ೧೮೩೦ರ ಜನವರಿಯಲ್ಲಿ ಬೀಡಿಯ ಸರ್ಕಾರಿ ಕಚೇರಿಯು ಸುಡಲ್ಪಟ್ಟಿತು. ಬಳಿಕ ಸಂಪಗಾವಿಯ ಕಚೇರಿಯ ಮೇಲೆ ದಾಳಿ ನಡೆಯಿತು. ನಂದಗಡ, ಖಾನಾಪುರಗಳ ಕಡೆಗೂ ದಂಡು ಹಬ್ಬಿತು. ಈ ಚಿಕ್ಕ ಪಡೆಯು ಕಂಪನಿಯ ಸೈನ್ಯವನ್ನು ಬಯಲಿನಲ್ಲಿ ಎದುರಿಸಲು ಹೋಗಲಿಲ್ಲ. ಕಚೇರಿ, ಖಜಾನೆ, ಭೂದಾಖಲೆಗಳು ಇವೇ ಅದರ ಗುರಿಗಳು. ಹೊಲವನ್ನು ಕಳೆದುಕೊಂಡವರ ದಂಡು ಹೊಲದ ದಾಖಲೆಗೆ ಬೆಂಕಿಯಿಟ್ಟಿತೆಂಬುದರಲ್ಲಿ ಆಶ್ಚರ್ಯವಿಲ್ಲ.

ಈ ಹೋರಾಟಕ್ಕೆ ಭೂಗೋಳವೂ ಅನುಕೂಲವಾಗಿದ್ದಿತು. ಮಳಗಿ, ಮುಂಡಗೋಡಗಳಿಂದ ಹಳಿಯಾಳವನ್ನು ಹಾಯ್ದು ಖಾನಾಪುರದವರೆಗೆ ವಾಯವ್ಯಾಭಿಮುಖವಾಗಿ ಸಾಗಿದರೆ ಬಯಲುಸೀಮೆಯು ಮುಗಿದು ಮಲೆನಾಡು ತೊಡಗುವ ಅಂಚು ಉದ್ದಕ್ಕೂ ನಮ್ಮ ಜೊತೆಗಿರುತ್ತದೆ. ಅಂದು ಕಿತ್ತೂರು ಸೀಮೆಯು ಮುಂಬಯಿ ಆಧಿಪತ್ಯದ ಧಾರವಾಡ ಜಿಲ್ಲೆಗೆ ಸೇರಿದ್ದರೆ, ಹಳಿಯಾಳ, ಸೂಪಾಗಳು ಮದರಾಸು ಆಧಿಪತ್ಯದ ಕನ್ನಡ ಜಿಲ್ಲೆಯಲ್ಲಿದ್ದವು. ೧೮೬೨ರಲ್ಲಿಯೇ ಉತ್ತರ ಕನ್ನಡವು ಮುಂಬಯಿಗೆ ಸೇರಿತು. ಸೂಪಾದಿಂದ ಆಚೆಗೆ ಪೋರ್ಚುಗೀಸರ ಗೋವೆ. ಹೀಗೆ ಮೂರು ಆಡಳಿತಗಳು ಸಂಧಿಸುವ ಕಾಡು, ಅಡಗುವವರಿಗೆ ಆಶ್ರಯವೂ ಹುಡುಕುವವರಿಗೆ ತೊಡಕೂ ಆಗುವಂಥದು. ಈ ಕಾಡಿನ ಸಿದ್ದಿ ಜನಾಂಗಕ್ಕೆ ಸೇರಿದ ಗಜವೀರನು ರಾಯಣ್ಣನ ಸಂಗಡಿಗನಾಗಿದ್ದನೆಂಬ ಪ್ರತೀತಿ ಉಳಿದುಬಂದಿದೆ. ೧೮೫೮–೫೯ರ ಸೂಪಾ ಬಂಡಾಯದಲ್ಲಿಯೂ ಸಿದ್ದಿಗಳು ಭಾಗವಹಿಸಿದ್ದರು.

ಇನ್ನು ಈ ಹೋರಾಟದ ಅತ್ಯಂತ ಕಠಿಣವಾದ ಮುಖವನ್ನು ನೋಡೋಣ. ಕಂಪನಿಯ ಸೈನ್ಯವೊಂದೇ ರಾಯಣ್ಣನನ್ನು ಹಿಡಿಯಲಾರದೆ ಹೋಯಿತು; ಅವನನ್ನು ಹಿಡಿಯುವುದಕ್ಕೆ ಊರಿನವರೇ ಬೇಕಾದರು. ಮಾಮಲೇದಾರ ಕೃಷ್ಣರಾಯನು ಖೋದಾನಪುರದ ಲಿಂಗನಗೌಡ, ನೇಗಿನಹಾಳದ ವೆಂಕನಗೌಡರೆಂಬ ಪಾಟೀಲರ ನೆರವನ್ನು ಪಡೆದನು. ಇವರ ಕಡೆಯವರು ದಂಡಿನೊಳಗೆ ಸೇರಿಕೊಂಡು ವಿಶ್ವಾಸ ಗಳಿಸಿದರು. ೧೮೩೦ರ ಏಪ್ರಿಲಿನಲ್ಲಿ ಡೋರಿ ಹಳ್ಳದಲ್ಲಿ ಸ್ನಾನಕ್ಕೆ ಇಳಿದಿದ್ದಾಗ ರಾಯಣ್ಣನು ನಿರಾಯುಧನಾಗಿ ಸೆರೆಸಿಕ್ಕನು. ೧೮೩೧ರ ಜನವರಿ ೨೬ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು. ಹಿಡಿದುಕೊಟ್ಟವರಿಗೆ ಇನಾಮು ದೊರೆಯಿತು.

ಲಾವಣಿಕಾರರು ಇದನ್ನು ದ್ರೋಹವೆಂದು ಹಾಡಿದ್ದಾರೆ. ಆ ತೀರ್ಪನ್ನು ಅಲ್ಲಗಳೆಯುವುದು ನಮ್ಮ ಉದ್ದೇಶವಲ್ಲ. ಆದರೆ ದ್ರೋಹವೆಂಬ ಒಂದೇ ಮಾತಿನಿಂದ ವಿವರಣೆ ಪೂರ್ಣವಾಗುವುದಿಲ್ಲ. ಪಾಟೀಲನೂ ಶೇತಸನದಿಯೂ ಒಂದೇ ಗ್ರಾಮವ್ಯವಸ್ಥೆಯ ಎರಡು ಅಂಗಗಳು. ಕಂದಾಯ ವಸೂಲಿಗೆ ಪಾಟೀಲನಿಲ್ಲದೆ ಹೊಸ ಸರ್ಕಾರಕ್ಕೆ ನಡೆಯುತ್ತಿರಲಿಲ್ಲ. ಆದುದರಿಂದ ಅವನ ವತನು ಉಳಿಯಿತು. ಸಂಬಳದ ಸೈನ್ಯವನ್ನು ಇರಿಸಿದ್ದ ಅದೇ ಸರ್ಕಾರಕ್ಕೆ ಊರಿನ ಆಯುಧಧಾರಿ ಅಷ್ಟಾಗಿ ಬೇಕಾಗಿರಲಿಲ್ಲ. ಒಂದೇ ಊರಿನ ಚಾವಡಿಯಲ್ಲಿ ಕೂಡುತ್ತಿದ್ದವರಲ್ಲಿ ಒಬ್ಬನ ಹಕ್ಕು ಉಳಿದು ಇನ್ನೊಬ್ಬನದು ಅಲುಗಾಡಿದಾಗ ಅವರು ಎದುರು ಬದುರಾದರು. ಈ ದೃಷ್ಟಿಯಿಂದ ೧೮೩೦ರ ಘಟನೆಯು ಪರಕೀಯರ ವಿರುದ್ಧದ ಸಮರವಾಗಿದ್ದಂತೆಯೇ ಊರೂರಿನೊಳಗಿನ ಅಂತರ್ಯುದ್ಧವೂ ಆಗಿದ್ದಿತು.

ಹೊರಗಿನ ನಿದರ್ಶನಗಳೂ ಈ ಮಾತನ್ನು ಪುಷ್ಟೀಕರಿಸುತ್ತವೆ. ೧೮೦೮ರಿಂದ ೧೮೧೪ರವರೆಗೆ ನೆಪೋಲಿಯನ್ನನ ಸೈನ್ಯವನ್ನು ಕಾಡಿದ ಸ್ಪೇನಿನ ಚಿಕ್ಕ ದಂಡುಗಳಿಂದಲೇ ‘ಗೆರಿಲ್ಲಾ’ ಯುದ್ಧವೆಂಬ ಹೆಸರು ಲೋಕದಲ್ಲಿ ಪ್ರಚಾರಕ್ಕೆ ಬಂದಿತು. ಅಲ್ಲಿಯೂ ಫ್ರೆಂಚರ ಪಕ್ಷ ಹಿಡಿದ ಸ್ಪೇನಿನವರಿದ್ದರು. ನಮ್ಮಲ್ಲಿಯೇ, ರಾಯಣ್ಣನು ಸೆರೆಯಲ್ಲಿದ್ದ ೧೮೩೦ರ ಉತ್ತರಾರ್ಧದಲ್ಲಿ, ಮಳಗಿಯ ದಕ್ಷಿಣಕ್ಕಿರುವ ಮೈಸೂರು ಸಂಸ್ಥಾನದ ನಗರ ಪ್ರಾಂತದಲ್ಲಿ ರೈತರು ಕಂದಾಯದ ಹೊರೆಯನ್ನು ವಿರೋಧಿಸಿ ದಂಗೆಯೆದ್ದರು. ಅದು ೧೮೩೧ರಲ್ಲಿ ಮೈಸೂರಿನ ಆಡಳಿತವೇ ಇಂಗ್ಲಿಷರ ಕೈಸೇರುವುದಕ್ಕೆ ಕಾರಣವಾಯಿತು. ಎರಡು ದಂಗೆಗಳಿಗೂ ನೇರ ಸಂಬಂಧವನ್ನು ಕಲ್ಪಿಸಬೇಕಾಗಿಲ್ಲ. ಭೂಮಿಯ ಮೇಲಣ ಹೊರೆ ಎರಡಕ್ಕೂ ಸಮಾನವಾದ ಹಿನ್ನೆಲೆಯಾಗಿದ್ದಿತೆಂಬುದನ್ನು ಗಮನಿಸಿದರೆ ಸಾಕು.

ಶೇತಸನದಿ ಸಂಸ್ಥೆಯು ರಾಯಣ್ಣನೊಂದಿಗೆ ಅಳಿಯಲಿಲ್ಲ. ದಂಡಿನ ಸತ್ವವನ್ನು ಕಳೆದುಕೊಂಡು, ಊರಿನ ಕೆಳದರ್ಜೆಯ ಚಾಕರಿಯಾಗಿ ಅದು ಮುಂದೆಯೂ ಒಂದು ಶತಮಾನಕ್ಕಿಂತ ಹೆಚ್ಚು ಕಾಲ ಬಾಳಿತು. ೧೯೬೧ರ ಗ್ರಾಮಾಧಿಕಾರ ರದ್ದಿಯಾತಿ ಕಾಯಿದೆಯು ೧೯೬೩ರ ಫೆಬ್ರವರಿ ೧ರಿಂದ ಜಾರಿಗೆ ಬಂದಾಗ ಪಾಟೀಲಕಿ, ಕುಲಕರ್ಣಿಕೆಗಳೊಡನೆ ಈ ಚಾಕರಿಯೂ ಕೊನೆಗೊಂಡಿತು. ಚಾಕರಿಯ ಹೊಲಗಳು ಮರುಮಂಜೂರಾತಿಗೆ ಒಳಪಟ್ಟವು. ೧೮೩೦ರಲ್ಲಿ ಎದುರು ಬದುರಾಗಿದ್ದ ಎರಡು ಹಕ್ಕುಗಳು ಒಂದೇ ಕಾಯಿದೆಯ ಒಂದೇ ದಿನದಂದು ಮುಗಿದವು.

ಆದುದರಿಂದ ಈ ವಿಷಯದಲ್ಲಿ ಆಸಕ್ತರಾದ ವಿದ್ಯಾರ್ಥಿಗಳು ವೀರಚರಿತ್ರೆಯ ಪಕ್ಕದಲ್ಲಿ ಊರಿನ ಭೂದಾಖಲೆಗಳನ್ನೂ ಇರಿಸಿಕೊಂಡು ಓದಬೇಕೆಂದು ನಾವು ಸೂಚಿಸುತ್ತೇವೆ. ರಾಯಣ್ಣನ ಶೌರ್ಯವು ಇದರಿಂದ ಕುಂದುವುದಿಲ್ಲ. ಅವನ ಹಿಂದೆ ನಡೆದ ನೂರಾರು ಜನರು ಏನನ್ನು ಕಳೆದುಕೊಂಡಿದ್ದರು, ಅವನನ್ನು ಹಿಡಿದುಕೊಟ್ಟವರು ಏನನ್ನು ಉಳಿಸಿಕೊಳ್ಳಬಯಸಿದರು ಎಂಬುದು ತಿಳಿದಾಗ ಮಾತ್ರವೇ ಆ ಶೌರ್ಯದ ಬೆಲೆಯೂ ನಮಗೆ ತಿಳಿಯುವುದು.