ಬೋರ್‌ವೆಲ್ ಪಾಯಿಂಟನ್ನ ಮ್ಯುವಾನ್ ತೋರಿಸುತ್ತಾ?

ಕಡೂರು, ತರೀಕೆರೆ, ಅಜ್ಜಂಪುರ ಕಡೆ ಬೋರ್‌ವೆಲ್ ಅಂದ್ರೆ ಜೂಜು. ತೆಂಗಿನಕಾಯಿ ಹಿಡಿದು ಪಾಯಿಂಟ್ ಮಾಡಿಸ್ತೀವಿ, ಸಾಲ ಮಾಡಿ ಕೊರೆಸ್ತೀವಿ, ಎಷ್ಟೋ ಸಲ ಬರೋದು ಬರೀ ಧೂಳು. ಹಾಗಾದ್ರೆ ನೆಲದ ಎಕ್ಸ್‌ರೇ ತೆಗೆಯೋಕೆ ಆಗಲ್ವಾ? ಆಗುತ್ತೆ, ಆದ್ರೆ ಒಂದು ಷರತ್ತಿದೆ.

ಬಾಹ್ಯಾಕಾಶದ ಕಾಸ್ಮಿಕ್ ಕಿರಣಗಳು ವಾತಾವರಣಕ್ಕೆ ಬಡಿದಾಗ ಮ್ಯುವಾನ್ ಅನ್ನೋ ಕಣಗಳು ಹುಟ್ಟುತ್ತವೆ. ಈಗ ಅಂಗೈ ಚಾಚಿ. ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಮ್ಯುವಾನ್ ಅದರೊಳಗಿಂದ ಹಾದುಹೋಗ್ತಿದೆ. ಮೇಲೆ ಕಲ್ಲು ದಪ್ಪ ಇದ್ದಷ್ಟೂ ಕೆಳಗೆ ತಲುಪೋದು ಕಡಿಮೆ, ಟೊಳ್ಳಿದ್ರೆ ಜಾಸ್ತಿ. ಯಾವ ದಿಕ್ಕಿಂದ ಎಷ್ಟು ಬಂತು ಅಂತ ಎಣಿಸಿದ್ರೆ ಚಿತ್ರ ಸಿಗುತ್ತೆ. ಈಜಿಪ್ಟಿನ ಖುಫು ಪಿರಮಿಡ್‌ನಲ್ಲಿ ಕನಿಷ್ಠ 30 ಮೀಟರ್ ಉದ್ದದ ಟೊಳ್ಳು ಇರೋದು 2017ರಲ್ಲಿ ಗೊತ್ತಾಗಿದ್ದು ಹೀಗೇ.

ಇದು ನಮಗೆ ಹೊಸದೇನಲ್ಲ. 1950ರ ದಶಕದ ಆರಂಭದಲ್ಲೇ ನಂಜನಗೂಡಿನ ಬಿ.ವಿ. ಶ್ರೀಕಂಠನ್ ಕೋಲಾರದ ಚಿನ್ನದ ಗಣಿಗಿಳಿದು, ಬೇರೆ ಬೇರೆ ಆಳದಲ್ಲಿ ಮ್ಯುವಾನ್ ಎಣಿಸಿದ್ರು. ಆಳ ಹೋದಷ್ಟೂ ಎಣಿಕೆ ಕುಸಿಯಿತು. ಆ ನಿಶ್ಶಬ್ದವೇ ಮುಂದೆ ಲಾಭವಾಯ್ತು. 1965ರಲ್ಲಿ ಅಲ್ಲೇ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ವಾತಾವರಣದ ನ್ಯೂಟ್ರಿನೋಗಳ ಸುಳಿವು ಸಿಕ್ತು.

ಈಗ ಉಪಕರಣ ಚಿಕ್ಕದಾಗಿದೆ. ಮ್ಯುವಾನ್ ಹಾದುಹೋದಾಗ ಮಿಣುಕುವ ಸಿಂಟಿಲೇಟರ್ ಪ್ಲಾಸ್ಟಿಕ್, ಆ ಮಿಣುಕನ್ನ ಹಿಡಿಯೋ ಪುಟ್ಟ ಸಿಲಿಕಾನ್ ಸೆನ್ಸರ್, ಹೊರಗಿನ ಬೆಳಕು ನುಗ್ಗದಂತೆ ಕಪ್ಪು ಟೇಪ್. ಇಂಥ ಎರಡು ಪದರ ಒಂದರ ಮೇಲೊಂದು ಇಟ್ಟು, ಎರಡೂ ಒಟ್ಟಿಗೆ ಮಿಣುಕಿದ್ರೆ ಮಾತ್ರ ಲೆಕ್ಕ. ಸುಳ್ಳು ಎಣಿಕೆ ತಪ್ಪುತ್ತೆ, ದಿಕ್ಕೂ ಗೊತ್ತಾಗುತ್ತೆ. ಕಷ್ಟ ಏನಂದ್ರೆ, ಡಿಟೆಕ್ಟರ್ ಚಿಕ್ಕದಾದಷ್ಟೂ ಸಿಗೋ ಮ್ಯುವಾನ್ ಕಡಿಮೆ. ಆಳದಲ್ಲಿ ಒಂದು ಚಿತ್ರಕ್ಕೆ ವಾರಗಟ್ಟಲೆ, ತಿಂಗಳುಗಟ್ಟಲೆ ಕಾಯಬೇಕು.

ಇನ್ನು ಆ ಷರತ್ತು. ಮ್ಯುವಾನ್ ಬರೋದು ಮೇಲಿಂದ, ಹಾಗಾಗಿ ಡಿಟೆಕ್ಟರ್ ನೋಡಬೇಕಾದ ಜಾಗಕ್ಕಿಂತ ಕೆಳಗಿರಬೇಕು. ಹೊಲದಲ್ಲಿ ನಿಂತು ಕೆಳಗೆ ನೋಡೋಕಾಗಲ್ಲ. ಬತ್ತಿದ ಬೋರ್‌ಗೆ ಇಳಿಸಬಹುದು, ಬೋರ್ ಒಳಗೆ ಹಿಡಿಸೋ ಡಿಟೆಕ್ಟರ್‌ಗಳೂ ಬಂದಿವೆ. ಆದ್ರೆ ಬಂಡೆಯಲ್ಲಿ ನೀರಿರೋ ಸಣ್ಣ ಬಿರುಕು ಅದಕ್ಕೆ ಕಾಣೋದು ಬಹಳ ಕಷ್ಟ. ಇದು ನಿಜಕ್ಕೂ ಹೊಂದೋದು ಅಜ್ಜಂಪುರದ ಹತ್ತಿರದ ಭದ್ರಾ ಮೇಲ್ದಂಡೆ ಸುರಂಗದಂಥ ಕಡೆ: ಒಳಗೆ ಇಟ್ಟು, ತಲೆ ಮೇಲಿನ ಕಲ್ಲಲ್ಲಿ ದೊಡ್ಡ ಟೊಳ್ಳಿದೆಯಾ ಅಂತ ನೋಡೋಕೆ.

ಹಾಗಾಗಿ ನಾಳೆ ಯಾರಾದ್ರೂ 'ಮ್ಯುವಾನ್ ಮಷೀನ್, ಹೊಲದಲ್ಲಿಟ್ಟು ಅರ್ಧ ಗಂಟೆಲಿ ನೀರಿನ ಪಾಯಿಂಟ್ ತೋರಿಸ್ತೀವಿ' ಅಂತ ಬಂದ್ರೆ, ಅಪ್ಪನ ಜೇಬಿಂದ ದುಡ್ಡು ಹೊರಗೆ ಬರೋ ಮುಂಚೆ ಒಂದೇ ಪ್ರಶ್ನೆ ಕೇಳಿ: 'ನಿಮ್ಮ ಡಿಟೆಕ್ಟರ್ ನೀರಿಗಿಂತ ಕೆಳಗಿದೆಯಾ?'